ಭಾಷೆ ಉಳಿಸೋದು ಹೇಗೆ ಅಂತ ಫ್ರೆಂಚರನ್ನು ನೋಡಿ ಕಲಿಯಬೇಕು

ಲಿಯೋನ್ ಕನ್ನಡಿಗ:
ಫ್ರಾನ್ಸ್‌ನ ಲಿಯೋನ್‌ಗೆ ಬಂದು ಆರು ವರ್ಷ ಆಯ್ತು. ಈ ಜನ ತಮ್ಮ ಭಾಷೆಯನ್ನು ಇಟ್ಟುಕೊಂಡಿರುವ ರೀತಿ ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಕೆಲಸಕ್ಕೆ ಸೇರಿದ ದಿನ ಕೈಗೆ ಕೊಟ್ಟ ಕಾಗದ ಎಲ್ಲ ಫ್ರೆಂಚ್‌ನಲ್ಲಿತ್ತು. ಕೆಲಸದ ಕರಾರು, ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕು ಅನ್ನೋ ಚೀಟಿ, ಸಾಫ್ಟ್‌ವೇರ್‌ನ ಮೆನು ಕೂಡ. ಆಫೀಸಿನಲ್ಲಿ ಅರ್ಧ ಜನ ಹೊರದೇಶದವರು, ಆದರೂ. ಯಾಕೆ ಅಂತ ಕೇಳಿದೆ. 1994ರ ತೂಬೋಂ ಕಾನೂನು ಅಂದರು. ಕೆಲಸ ಮಾಡೋಕೆ ಬೇಕಾದ ಕಾಗದ ಫ್ರೆಂಚ್‌ನಲ್ಲಿ ಇರಲೇಬೇಕು. ಜಾಹೀರಾತಿನಲ್ಲಿ ಇಂಗ್ಲಿಷ್ ಘೋಷಣೆ ಹಾಕಿದರೆ ಅದರ ಫ್ರೆಂಚ್ ಅರ್ಥವನ್ನೂ ಹಾಕಬೇಕು. ಸುಮ್ನೆ ಹಾಳೆಯ ಮೇಲಿರುವ ಕಾನೂನಲ್ಲ. ಒಂದು ದೊಡ್ಡ ಅಮೆರಿಕನ್ ಕಂಪನಿಯ ಇಲ್ಲಿನ ಶಾಖೆ ನೌಕರರಿಗೆ ಇಂಗ್ಲಿಷ್‌ನಲ್ಲೇ ದಾಖಲೆ ಕೊಡುತ್ತಿತ್ತು. 2006ರಲ್ಲಿ ವರ್ಸಾಯ್‌ನ ಮೇಲ್ಮನವಿ ನ್ಯಾಯಾಲಯ ಅದಕ್ಕೆ 5 ಲಕ್ಷ 80 ಸಾವಿರ ಯೂರೋ ದಂಡ ಜಡಿಯಿತು.

ರೇಡಿಯೋ ಹಾಕಿದರೆ ಹಾಡುಗಳಲ್ಲಿ 40% ಫ್ರೆಂಚ್ ಇರಬೇಕು ಅಂತ 1996ರಿಂದ ನಿಯಮ ಇದೆ. ಸಿನಿಮಾ ಟಿಕೆಟ್ ದುಡ್ಡಿನಲ್ಲಿ 10.72% ರಾಷ್ಟ್ರೀಯ ಸಿನಿಮಾ ಕೇಂದ್ರಕ್ಕೆ ಹೋಗುತ್ತದೆ. ಅಂದರೆ ಹಾಲಿವುಡ್ ಚಿತ್ರ ಓಡಿದರೂ ಅದರ ಟಿಕೆಟ್‌ನಿಂದ ಫ್ರೆಂಚ್ ಚಿತ್ರಕ್ಕೆ ದುಡ್ಡು ಹುಟ್ಟುತ್ತದೆ. ಪುಸ್ತಕ ಎಲ್ಲಿ ಕೊಂಡರೂ ಒಂದೇ ಬೆಲೆ.

ನಾವು ನವೆಂಬರ್ ಬಂದರೆ ಬಾವುಟ ಹಾರಿಸುತ್ತೇವೆ, ಡಿಸೆಂಬರ್‌ಗೆ ಮರೆಯುತ್ತೇವೆ. ಭಾಷೆ ಅಭಿಮಾನದಿಂದ ಉಳಿಯಲ್ಲ, ಕಾನೂನಿನಿಂದ ಉಳಿಯುತ್ತದೆ. ಫ್ರೆಂಚರಿಗೆ ಇದು 1539ರಲ್ಲೇ ಗೊತ್ತಿತ್ತು, ಕೋರ್ಟಿನ ಕಾಗದ ಫ್ರೆಂಚ್‌ನಲ್ಲಿರಬೇಕು ಅಂತ ರಾಜ ಆಗಲೇ ಶಾಸನ ಮಾಡಿದ.

ಪುಸ್ತಕ ಸಂತೆ:
ಒಳ್ಳೆ ವಿಷಯ ಎತ್ತಿದ್ದೀರಿ. ಎಲ್ಲದಕ್ಕಿಂತ ಮುಖ್ಯವಾದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಿ, ಪುಸ್ತಕದ ಬೆಲೆ. ಅದು 1981ರ ಕಾನೂನು, ಆಗಿನ ಸಂಸ್ಕೃತಿ ಸಚಿವ ಜಾಕ್ ಲಾಂಗ್ ತಂದದ್ದು. ಪ್ರಕಾಶಕ ಬೆಲೆ ಇಡುತ್ತಾನೆ, ಅಂಗಡಿಯವನು 5%ಗಿಂತ ಜಾಸ್ತಿ ರಿಯಾಯಿತಿ ಕೊಡುವಂತಿಲ್ಲ. ದೊಡ್ಡ ಅಂಗಡಿಗೂ ಅದೇ, ಗಲ್ಲಿಯ ಅಂಗಡಿಗೂ ಅದೇ. ನನ್ನದು ಒಂದು ಸಣ್ಣ ಪುಸ್ತಕದಂಗಡಿ. ಮೊನ್ನೆ ಒಬ್ಬ ಹುಡುಗ ಅರ್ಧ ಗಂಟೆ ನಿಂತು ಒಂದು ಕಾದಂಬರಿ ತಿರುವಿ ಹಾಕಿದ. ಆಮೇಲೆ ನನ್ನೆದುರೇ ಫೋನ್ ತೆಗೆದು ಆನ್‌ಲೈನ್‌ನಲ್ಲಿ ತರಿಸಿಕೊಂಡ. 35% ಕಡಿಮೆ ಇತ್ತಂತೆ. ಅವನನ್ನು ಬೈಯಲಾರೆ, ವಿದ್ಯಾರ್ಥಿ. ಅಂಥ ಕಾನೂನು ಇಲ್ಲಿಗೆ ಬಂದರೆ ಏನಾದೀತು ಅಂತ ಯಾರಾದರೂ ಗಂಭೀರವಾಗಿ ಹೇಳಿ.

ತೀರದ ತೆಂಗು:
"ಭಾಷೆ ಕಾನೂನಿನಿಂದ ಉಳಿಯುತ್ತದೆ." ಯಾರ ಭಾಷೆ, ಸ್ವಾಮಿ? ಫ್ರಾನ್ಸ್‌ನಲ್ಲಿ ಬ್ರೆಟನ್, ಆಕ್ಸಿಟನ್, ಬಾಸ್ಕ್, ಕಾರ್ಸಿಕನ್, ಅಲ್ಸೇಷಿಯನ್ ಎಲ್ಲ ಇತ್ತು. ನೀವು ಹೊಗಳುತ್ತಿರುವ ಅದೇ ಕಾನೂನು, ಅದೇ ಶಾಲೆ ಸೇರಿ ಅವನ್ನು ಮೂಲೆಗೆ ತಳ್ಳಿದವು. 1794ರಲ್ಲಿ, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, ಆಬ್ಬೆ ಗ್ರೆಗ್ವಾರ್ ಅನ್ನೋ ಪಾದ್ರಿ ಸಂಸತ್ತಿನ ಮುಂದೆ ಒಂದು ವರದಿ ಇಟ್ಟ. ಅದರ ಹೆಸರಲ್ಲೇ "ಪತುವಾಗಳನ್ನು ನಾಶ ಮಾಡುವ ಅಗತ್ಯ ಮತ್ತು ವಿಧಾನ" ಅಂತ ಇದೆ. ನಾಶ ಅಂತಲೇ ಬರೆದದ್ದು, ನಾನು ಸೇರಿಸಿದ್ದಲ್ಲ. ಪತುವಾ ಅಂದರೆ ಹಳ್ಳಿಗರ ಕೀಳು ಮಾತು ಅನ್ನೋ ಅರ್ಥದ ಪದ. ಆಗ ದೇಶದಲ್ಲಿ 60 ಲಕ್ಷ ಜನಕ್ಕೆ ಫ್ರೆಂಚ್ ಬರುವುದೇ ಇಲ್ಲ, ಶುದ್ಧವಾಗಿ ಮಾತಾಡುವವರು 30 ಲಕ್ಷ ಮಾತ್ರ ಅಂತ ಅವನೇ ಲೆಕ್ಕ ಕೊಡುತ್ತಾನೆ. ಫ್ರಾನ್ಸ್‌ನ ಪಶ್ಚಿಮ ಮೂಲೆಯಲ್ಲಿ ಬ್ರೆಟನ್ ಆಡುವ ಬ್ರಿಟನಿ ಪ್ರಾಂತ್ಯದ ಶಾಲೆಗಳಲ್ಲಿ "ನೆಲದ ಮೇಲೆ ಉಗುಳಬಾರದು, ಬ್ರೆಟನ್ ಮಾತಾಡಬಾರದು" ಅಂತ ಫಲಕ ಹಾಕಿದ್ದರು. ಉಗುಳಿಗೆ ಸಮ ಅಂತ ಒಂದು ಭಾಷೆಯನ್ನು ಬರೆದವರಿಂದ ನಾವು ಕಲಿಯಬೇಕಾ?

ನೇರ ಮಾತು:
ಆ ಫಲಕದ ಒಂದು ಅಸಲಿ ಫೋಟೋ ತೋರಿಸಿ. ಒಂದೇ ಒಂದು. ಇದು ಎಲ್ಲರೂ ಹೇಳುವ, ಯಾರೂ ನೋಡದ ಫಲಕ. ಅದು ನಿಜಕ್ಕೂ ಶಾಲೆಗಳಲ್ಲಿ ಇತ್ತಾ ಅನ್ನೋದು ಅಲ್ಲಿನ ವಿದ್ವಾಂಸರಲ್ಲೇ ತಕರಾರಿನ ವಿಷಯ. ಗೊತ್ತಿಲ್ಲದೆ ಎಸೆಯಬೇಡಿ.

ಹಾವೇರಿ ಮೇಷ್ಟ್ರು:
ಲಿಯೋನ್ ಕನ್ನಡಿಗರು ಹೇಳಿದ್ದು ಅಕ್ಷರಶಃ ಸತ್ಯ. ನಾನು 34 ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವನು. ತೆಂಗು ತಂಗಿ, ನೀವು ಕೋಪದಲ್ಲಿ ಒಂದು ಸಂಗತಿ ಮರೆತಿರಿ. ಅಲ್ಲಿನ ಶಿಕ್ಷಣ ಸಚಿವ ಜೂಲ್ ಫೆರಿ 1881ರಲ್ಲಿ ಶಾಲೆಯನ್ನು ಉಚಿತ ಮಾಡಿದ, 1882ರಲ್ಲಿ ಕಡ್ಡಾಯ ಮಾಡಿದ. ಬಡ ರೈತನ ಮಗ ಓದು ಕಲಿತ, ಸೈನ್ಯಕ್ಕೆ ಹೋದ, ಅಂಚೆ ಇಲಾಖೆಗೆ ಸೇರಿದ, ಮೇಷ್ಟ್ರಾದ. ಊರೂರಿಗೆ ಒಂದೊಂದು ಉಪಭಾಷೆಯಲ್ಲಿ ಪಾಠ ಮಾಡಿದ್ದರೆ ಆಗುತ್ತಿತ್ತಾ? ಒಂದು ನಾಡಿಗೆ ಒಂದು ಗಟ್ಟಿ ಭಾಷೆ ಬೇಕು.

ತೀರದ ತೆಂಗು:
ಉಪಭಾಷೆ?! ಮೇಷ್ಟ್ರೇ, ದಯವಿಟ್ಟು. ಬ್ರೆಟನ್‌ಗೂ ಫ್ರೆಂಚ್‌ಗೂ ತಾಯಿ ಬೇರು ಬೇರೆ. ಫ್ರೆಂಚ್ ಲ್ಯಾಟಿನ್‌ನಿಂದ ಬಂದದ್ದು. ಬ್ರೆಟನ್ ಕೆಲ್ಟಿಕ್ ಭಾಷೆ, ಅದರ ಅಕ್ಕತಂಗಿಯರು ಸಮುದ್ರದ ಆಚೆ ಇದ್ದಾರೆ, ವೆಲ್ಷ್ ಮತ್ತು ಕಾರ್ನಿಷ್. ಬಾಸ್ಕ್‌ಗಂತೂ ಯುರೋಪಿನ ಯಾವ ಭಾಷೆಯ ಜತೆಗೂ ಸಂಬಂಧವೇ ಸಿಕ್ಕಿಲ್ಲ. ಇಷ್ಟೂ ನೋಡದೆ ಉಪಭಾಷೆ ಅನ್ನೋದು ಆ ಗ್ರೆಗ್ವಾರ್ ಮಾಡಿದ ಕೆಲಸವೇ. ನಮ್ಮ ಕಡೆಯೂ ತುಳುವನ್ನು ಕನ್ನಡದ ಉಪಭಾಷೆ ಅಂತ ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೆ. ಪ್ರತಿ ಸಲ ಮೈ ಉರಿಯುತ್ತದೆ.

ನೇರ ಮಾತು:
ಫಲಕದ ಫೋಟೋ ಬರಲಿಲ್ಲ.

ಲಿಯೋನ್ ಕನ್ನಡಿಗ:
ತೆಂಗು ಅವರೇ, 200 ವರ್ಷದ ಹಿಂದಿನದನ್ನು ತಂದು ಇವತ್ತಿನ ಫ್ರಾನ್ಸ್ ಮೇಲೆ ಹೇರಬೇಡಿ. 1951ರ ದೆಕ್ಸೋನ್ ಕಾನೂನಿನಿಂದಲೇ ಬ್ರೆಟನ್, ಬಾಸ್ಕ್, ಕ್ಯಾಟಲನ್, ಆಕ್ಸಿಟನ್ ಶಾಲೆಯಲ್ಲಿ ಕಲಿಸೋಕೆ ಅವಕಾಶ ಇದೆ. 1977ರಿಂದ ದಿವಾನ್ ಅನ್ನೋ ಶಾಲೆಗಳಿವೆ, ಪೂರಾ ಬ್ರೆಟನ್‌ನಲ್ಲೇ ಪಾಠ. 2008ರಲ್ಲಿ ಸಂವಿಧಾನಕ್ಕೇ ಸೇರಿಸಿದ್ದಾರೆ, ಪ್ರಾದೇಶಿಕ ಭಾಷೆಗಳು ಫ್ರಾನ್ಸ್‌ನ ಪರಂಪರೆಯ ಆಸ್ತಿ ಅಂತ. ಇನ್ನೇನು ಬೇಕು?

ತೀರದ ತೆಂಗು:
"ಪರಂಪರೆಯ ಆಸ್ತಿ." ಹಳೇ ಕೋಟೆಯನ್ನೂ ಹಾಗೇ ಕರೆಯುತ್ತಾರೆ. ಕೋಟೆಯಲ್ಲಿ ಯಾರೂ ವಾಸ ಮಾಡಲ್ಲ. ಇನ್ನೇನು ಬೇಕು ಅಂದಿರಲ್ಲ, ಹೇಳುತ್ತೇನೆ. 2021ರ ಏಪ್ರಿಲ್‌ನಲ್ಲಿ ಪ್ರಾದೇಶಿಕ ಭಾಷೆಗಳ ಮಸೂದೆಯನ್ನು ಸಂಸತ್ತು 247ಕ್ಕೆ 76 ಮತಗಳಿಂದ ಪಾಸು ಮಾಡಿತು. ಜನಪ್ರತಿನಿಧಿಗಳೇ ಮಾಡಿದ್ದು. ಮೇ 21ಕ್ಕೆ, ಕಾನೂನು ಸಂವಿಧಾನಕ್ಕೆ ಹೊಂದುತ್ತದಾ ಅಂತ ನೋಡುವ ಸಂವಿಧಾನ ಮಂಡಳಿ ಅದರ ಹೃದಯವನ್ನೇ ಕಿತ್ತು ಹಾಕಿತು. ಸರ್ಕಾರಿ ಶಿಕ್ಷಣದಲ್ಲಿ ಪೂರಾ ಪ್ರಾದೇಶಿಕ ಭಾಷೆಯಲ್ಲಿ ಕಲಿಸುವ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಅಂದಿತು. ಮಗುವಿನ ಹೆಸರಿನಲ್ಲಿ ಎನ್ ಅಕ್ಷರದ ಮೇಲೆ ಬ್ರೆಟನ್ನರು ಹಾಕುವ ಅಲೆಯಂಥ ಗೆರೆಯನ್ನು ಸರ್ಕಾರಿ ದಾಖಲೆಯಲ್ಲಿ ಒಪ್ಪುವ ಕಲಮನ್ನೂ ತೆಗೆದು ಹಾಕಿತು. ಒಂದು ಗೆರೆ! ಕಾರಣ ಏನು? 1992ರಲ್ಲಿ ಸಂವಿಧಾನಕ್ಕೆ ಸೇರಿಸಿದ ಒಂದು ಸಾಲು, "ಗಣರಾಜ್ಯದ ಭಾಷೆ ಫ್ರೆಂಚ್". ಆ ಸಾಲನ್ನು ಇಂಗ್ಲಿಷ್ ವಿರುದ್ಧ ಗುರಾಣಿ ಅಂತ ಹೇಳಿ ತಂದರು, ಏಟು ಬಿದ್ದದ್ದು ಬ್ರೆಟನ್ ಮೇಲೆ.

ಲಿಯೋನ್ ಕನ್ನಡಿಗ:
ದಿವಾನ್ ಶಾಲೆಗಳು ಆಮೇಲೂ ನಡೆಯುತ್ತಲೇ ಇವೆ. ಮುಚ್ಚಿಲ್ಲ. ಅದನ್ನು ಯಾಕೆ ಹೇಳಲಿಲ್ಲ?

ಪುಸ್ತಕ ಸಂತೆ:
ಪುಸ್ತಕದ ಬೆಲೆ ಬಗ್ಗೆ ಯಾರಾದರೂ? ಲಿಯೋನ್‌ನಲ್ಲಿ ಸಣ್ಣ ಅಂಗಡಿಗಳು ಈಗಲೂ ನಡೆಯುತ್ತಿವೆಯಾ? ಆನ್‌ಲೈನ್‌ನವರು ಸುಮ್ಮನೆ ಬಿಟ್ಟಿದ್ದಾರಾ?

ರೆನ್‌ನಿಂದ:
ನಾನು ಬ್ರಿಟನಿಯ ರೆನ್‌ನಲ್ಲಿ ಎಂಎಸ್ ಓದುತ್ತಿದ್ದೇನೆ, ಎರಡನೇ ವರ್ಷ. ಸುಮ್ನೆ ಓದುತ್ತಿದ್ದೆ, ಒಂದು ಮಾತು ಹೇಳಬೇಕು ಅನ್ನಿಸಿತು. ನನ್ನ ಮನೆ ಮಾಲೀಕರಾದ ಅಜ್ಜಿಗೆ 88 ವರ್ಷ. ಅವರು ಪಶ್ಚಿಮದ ತುದಿಯ ಹಳ್ಳಿಯವರು, ಮದುವೆಯಾಗಿ ಇಲ್ಲಿಗೆ ಬಂದವರು. ಒಂದು ಭಾನುವಾರ ಬಕ್‌ವೀಟ್ ಅನ್ನೋ ಕಾಳಿನ ಹಿಟ್ಟಿನ ದೋಸೆಯಂಥದ್ದು, ಗಾಲೆಟ್ ಅನ್ನುತ್ತಾರೆ, ಮಾಡುತ್ತ ಕೂತು ಹೇಳಿದರು. ಅವರ ಶಾಲೆಯಲ್ಲಿ ಒಂದು ಮರದ ಮೆಟ್ಟು ಇತ್ತಂತೆ. ರೈತರು ಹಾಕುತ್ತಿದ್ದರಲ್ಲ, ಮರ ಕೊರೆದು ಮಾಡಿದ್ದು, ಅದೇ. ಹಳೇದು, ಒಂಟಿ ಕಾಲಿನದು, ಹಗ್ಗ ಪೋಣಿಸಿದ್ದು. ಬೆಳಗ್ಗೆ ಮೊದಲು ಬ್ರೆಟನ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕುತ್ತಿಗೆಗೆ ಅದನ್ನು ಹಾಕುತ್ತಿದ್ದರು. ಆ ಮಗು ಇನ್ನೊಬ್ಬರು ಬ್ರೆಟನ್ ಮಾತಾಡೋದನ್ನು ಹಿಡಿದು ಕೊಟ್ಟರೆ ಮೆಟ್ಟು ಅವರ ಕುತ್ತಿಗೆಗೆ ಹೋಗುತ್ತಿತ್ತು. ಸಂಜೆ ಗಂಟೆ ಹೊಡೆದಾಗ ಯಾರ ಕುತ್ತಿಗೆಯಲ್ಲಿ ಇರುತ್ತದೋ ಅವರಿಗೆ ಶಿಕ್ಷೆ. ಇದಕ್ಕೆ "ಸಿಂಬಾಲ್" ಅನ್ನುತ್ತಿದ್ದರಂತೆ, ಗುರುತು ಅಂತ ಅರ್ಥ. ಅಜ್ಜಿ ತಮ್ಮ ಸ್ವಂತ ತಂಗಿಯನ್ನು ಒಂದು ದಿನ ಹಿಡಿದುಕೊಟ್ಟರಂತೆ. ಅಷ್ಟು ಹೇಳಿ ಎದ್ದು ಒಲೆ ಆರಿಸಿದರು.

ತೀರದ ತೆಂಗು:
ಇದೇ. ಇದನ್ನೇ ನಾನು ಹೇಳುತ್ತಿರೋದು.

ನೇರ ಮಾತು:
ಅಲ್ಲ, ಇದನ್ನು ನೀವು ಹೇಳಲಿಲ್ಲ. ನೀವು ಹೇಳಿದ್ದು ಫಲಕ. ಉಗುಳಬಾರದು, ಬ್ರೆಟನ್ ಮಾತಾಡಬಾರದು. ರೆನ್‌ನ ತಮ್ಮ ಹೇಳುತ್ತಿರೋದು ಮರದ ಮೆಟ್ಟು. ಎರಡೂ ಬೇರೆ. ಮೆಟ್ಟಿಗೆ ಸಾಕ್ಷಿ ಇದೆ, ನಾನು ಒಪ್ಪುತ್ತೇನೆ, ಅದನ್ನು ಯಾರೂ ಅಲ್ಲಗಳೆಯಲ್ಲ. ಫಲಕಕ್ಕೆ ಇಲ್ಲ.

ತೀರದ ತೆಂಗು:
ಮಗುವಿನ ಕುತ್ತಿಗೆಗೆ ಮೆಟ್ಟು ಕಟ್ಟಿದ್ದನ್ನು ಕೇಳಿಯೂ ನಿಮಗೆ ಫಲಕವೇ ಮುಖ್ಯವಾ? ಗೋಡೆಯ ಮೇಲೆ ಬರೆದಿದ್ದರೂ ಒಂದೇ, ಎದೆಯ ಮೇಲೆ ನೇತು ಹಾಕಿದ್ದರೂ ಒಂದೇ.

ನೇರ ಮಾತು:
ಒಂದೇ ಅಲ್ಲ. ಫಲಕ ಅಂದರೆ ಸರ್ಕಾರದ ಲಿಖಿತ ಆದೇಶ ಅಂತ ಅರ್ಥ ಬರುತ್ತದೆ. ಮೆಟ್ಟು ಅಂದರೆ ಮೇಷ್ಟ್ರುಗಳ ಪದ್ಧತಿ. ಪ್ಯಾರಿಸ್‌ನಿಂದ "ಮೆಟ್ಟು ಹಾಕಿ" ಅಂತ ಕಾನೂನು ಬಂದಿತ್ತಾ? ಇಲ್ಲ. ಹಳ್ಳಿ ಮೇಷ್ಟ್ರುಗಳು, ಅದರಲ್ಲೂ ಎಷ್ಟೋ ಜನ ತಾವೇ ಬ್ರೆಟನ್ ಮನೆಯವರು, ತಾವೇ ಮಾಡಿದ್ದು. ತಪ್ಪನ್ನು ಸರಿಯಾದ ತಲೆಯ ಮೇಲೆ ಹಾಕಿ. ಒಂದು ಸುಳ್ಳು ಸೇರಿಸಿದರೆ ಒಂಬತ್ತು ನಿಜವೂ ಹಾಳಾಗುತ್ತದೆ.

ತೀರದ ತೆಂಗು:
ಸುಳ್ಳು ಅಂತ ನನಗೆ ಹೇಳುತ್ತಿದ್ದೀರಾ? ತಕರಾರು ಇದೆ ಅನ್ನೋದಕ್ಕೂ ಸುಳ್ಳು ಅನ್ನೋದಕ್ಕೂ ವ್ಯತ್ಯಾಸ ಇದೆ. ಮೊದಲು ನೀವೇ ತಕರಾರು ಅಂದಿರಿ, ಈಗ ಸುಳ್ಳಾಯ್ತು. ಮತ್ತೆ ಸರ್ಕಾರ ಏನೂ ಹೇಳಿಲ್ಲ ಅಂದಿರಲ್ಲ, ಕ್ರಾಂತಿಯ ನಾಯಕ ಬಾರೆರ್ 1794ರ ಜನವರಿಯಲ್ಲಿ ಸಂಸತ್ತಿನಲ್ಲಿ ನಿಂತು ಏನಂದ ಗೊತ್ತಾ? ಒಕ್ಕೂಟದ ಆಸೆ ಮತ್ತು ಮೂಢನಂಬಿಕೆ ಬ್ರೆಟನ್ ಮಾತಾಡುತ್ತವೆ, ದೇಶ ಬಿಟ್ಟವರು ಮತ್ತು ಗಣರಾಜ್ಯದ ದ್ವೇಷಿಗಳು ಜರ್ಮನ್ ಮಾತಾಡುತ್ತಾರೆ ಅಂದ. ಮೇಲಿನವರು ಹೀಗೆ ಹೇಳಿದ ಮೇಲೆ ಕೆಳಗಿನ ಮೇಷ್ಟ್ರಿಗೆ ಆದೇಶ ಬೇರೆ ಬೇಕಾ?

ನೇರ ಮಾತು:
1794ರ ಭಾಷಣದಿಂದ ಆಮೇಲಿನ ಮೆಟ್ಟಿಗೆ ನೇರ ದಾರಿ ಎಳೆಯುತ್ತೀರಿ. ನಡುವೆ ಎರಡು ಸಾಮ್ರಾಜ್ಯ, ಮೂರು ರಾಜರು ಬಂದು ಹೋದರು. ಫೋಟೋ ಇದ್ದರೆ ಹಾಕಿ.

ಹಾವೇರಿ ಮೇಷ್ಟ್ರು:
"ಮೇಷ್ಟ್ರುಗಳ ಪದ್ಧತಿ" ಅಂತ ಸಲೀಸಾಗಿ ಹೇಳಿಬಿಟ್ಟಿರಿ. ಮೇಷ್ಟ್ರನ್ನು ಬೈಯೋದು ಎಲ್ಲರಿಗೂ ಸುಲಭ. ಶಾಲೆಯಲ್ಲಿ ಶಿಕ್ಷೆ ಅಂದ ತಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಬೇರೆ. ನನ್ನ ಮೊಮ್ಮಗಳು ಒಂದು ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗುತ್ತಾಳೆ, ಎರಡನೇ ಕ್ಲಾಸು. ಬಿಡುವಿನ ವೇಳೆಯಲ್ಲಿ ಗೆಳತಿ ಜತೆ ಕನ್ನಡ ಮಾತಾಡಿದಳು ಅಂತ 10 ರೂಪಾಯಿ ದಂಡ. ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದರು. ಕನ್ನಡ ನಾಡಿನಲ್ಲಿ, ಕನ್ನಡ ಮೇಷ್ಟ್ರ ಮೊಮ್ಮಗಳಿಗೆ! ಅವಳು ರಾತ್ರಿ ಊಟಕ್ಕೆ ಕೂತಾಗ "ತಾತಾ, ಸ್ಕೂಲ್ ಹತ್ರ ಬಂದಾಗ ಕನ್ನಡ ಮಾತಾಡಬೇಡಿ" ಅಂದಳು. ಆ ದಿನ ಅನ್ನ ಇಳಿಯಲಿಲ್ಲ. ಅದಕ್ಕೇ ನಾನು ಹೇಳೋದು, ಫ್ರಾನ್ಸ್‌ನ ಹಾಗೆ ಗಟ್ಟಿ ಕಾನೂನು ಬೇಕು.

ತೀರದ ತೆಂಗು:
ಮೇಷ್ಟ್ರೇ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ 10 ರೂಪಾಯಿಯೂ ಆ ಮರದ ಮೆಟ್ಟೂ ಒಂದೇ ವಸ್ತು. ನಿಮ್ಮ ಮೊಮ್ಮಗಳ ಕುತ್ತಿಗೆಗೆ ಹಾಕಿದ್ದನ್ನು ನೀವು ಬೈಯುತ್ತೀರಿ, ರೆನ್‌ನ ಅಜ್ಜಿಯ ಕುತ್ತಿಗೆಗೆ ಹಾಕಿದ್ದನ್ನು ಗಟ್ಟಿ ಭಾಷೆ ಅನ್ನುತ್ತೀರಿ.

ಹಾವೇರಿ ಮೇಷ್ಟ್ರು:
ಎರಡೂ ಒಂದೇ ಹೇಗಾಗುತ್ತದೆ? ಇಂಗ್ಲಿಷ್ ಪರದೇಶದ ಭಾಷೆ. ಫ್ರೆಂಚ್ ಅವರದೇ ದೇಶದ ಭಾಷೆ.

ತೀರದ ತೆಂಗು:
ಆ ಆರು ವರ್ಷದ ಮಗುವಿಗೆ ಫ್ರೆಂಚ್ ಎಲ್ಲಿಯ ದೇಶಭಾಷೆ? ಮನೆಯಲ್ಲಿ ಅಮ್ಮ ಮಾತಾಡಲ್ಲ, ಸಂತೆಯಲ್ಲಿ ಯಾರೂ ಮಾತಾಡಲ್ಲ. ಶಾಲೆಯಲ್ಲಿ ಮೊದಲ ಸಲ ಕೇಳಿದ್ದು. ಹೇಳಬಾರದು ಅಂತಿದ್ದೆ, ಹೇಳುತ್ತೇನೆ. ನಾನು ಓದಿದ ಕನ್ನಡ ಶಾಲೆಯಲ್ಲಿ ತುಳು ಮಾತಾಡಿದರೆ ಬೆತ್ತ ಬೀಳುತ್ತಿತ್ತು. ಅಂಗೈ ಮೇಲೆ ಅಲ್ಲ, ಬೆರಳ ಗೆಣ್ಣಿನ ಮೇಲೆ. ಒಂದನೇ ಕ್ಲಾಸಿನಲ್ಲಿ ನೀರು ಬೇಕು ಅನ್ನೋದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ತಿಳಿಯದೆ "ನೀರ್ ಬೋಡು" ಅಂದಿದ್ದೆ, ಅಷ್ಟೇ. ಆಮೇಲೆ ಮಧ್ಯಾಹ್ನದ ತನಕ ಬಾಯಾರಿಕೆ ತಡೆದುಕೊಂಡು ಕೂತೆ. ಕನ್ನಡವನ್ನು ನಾನು ದ್ವೇಷಿಸಲ್ಲ, ನೋಡಿ, ಇವತ್ತು ಇಷ್ಟುದ್ದ ಬರೆಯುತ್ತಿರೋದು ಕನ್ನಡದಲ್ಲೇ. ಆದರೆ ಫ್ರಾನ್ಸ್ ಮಾದರಿ ಅಂದ ತಕ್ಷಣ ನನ್ನ ಬೆರಳು ನೋಯುತ್ತದೆ.

ಹಾವೇರಿ ಮೇಷ್ಟ್ರು:
ನಾನು ಯಾವ ಮಗುವಿಗೂ ಭಾಷೆಯ ಕಾರಣಕ್ಕೆ ಹೊಡೆದಿಲ್ಲ. ತಾಂಡಾದಿಂದ ಲಂಬಾಣಿ ಮಕ್ಕಳು ಬರುತ್ತಿದ್ದರು. "ಶಾಲೆಯೊಳಗೆ ಕನ್ನಡ ಮಾತಾಡ್ರಿ" ಅಂತ ಹೇಳುತ್ತಿದ್ದೆ, ನಿಜ. ಅವರ ಒಳ್ಳೆಯದಕ್ಕೇ ಹೇಳಿದ್ದು. ಅವರಲ್ಲಿ ಇಬ್ಬರು ಇವತ್ತು ಪೊಲೀಸ್ ಇಲಾಖೆಯಲ್ಲಿ ಇದ್ದಾರೆ. ಯಾರೋ ಮಾಡಿದ ತಪ್ಪನ್ನು ಎಲ್ಲ ಮೇಷ್ಟ್ರ ಮೇಲೆ ಹಾಕಬೇಡಿ.

ನೇರ ಮಾತು:
"ಅವರ ಒಳ್ಳೆಯದಕ್ಕೇ." ಇಂಗ್ಲಿಷ್ ಶಾಲೆಯವರೂ ಇದನ್ನೇ ಹೇಳುತ್ತಾರೆ, ಮೇಷ್ಟ್ರೇ. ನಿಮ್ಮ ಮೊಮ್ಮಗಳನ್ನು ಅಲ್ಲಿಗೆ ಸೇರಿಸಿದ್ದು ಕಾನೂನಲ್ಲ, ನಿಮ್ಮ ಮನೆಯವರೇ. 2014ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ರಾಜ್ಯ ಹೇರುವಂತಿಲ್ಲ ಅಂತ. ಜನ ಆರಿಸಿಕೊಳ್ಳಲಿ. ಫ್ರಾನ್ಸ್‌ನಲ್ಲೂ ಕಾನೂನಿನಿಂದ ಏನಾಗಿದೆ? ಸರ್ಕಾರವೇ 2013ರಲ್ಲಿ ಹೊಸ ಕಂಪನಿಗಳಿಗಾಗಿ ಶುರು ಮಾಡಿದ ಯೋಜನೆಯ ಹೆಸರು "ಫ್ರೆಂಚ್ ಟೆಕ್". ಅಧ್ಯಕ್ಷ ಮಾಕ್ರೋಂ 2018ರಿಂದ ಹೊರಗಿನ ಹೂಡಿಕೆದಾರರನ್ನು ಕರೆದು ಮಾಡುವ ಸಭೆಯ ಹೆಸರು "ಚೂಸ್ ಫ್ರಾನ್ಸ್". ಎರಡೂ ಇಂಗ್ಲಿಷ್. ತೂಬೋಂ ಕಾನೂನಿಗೂ 1994ರಲ್ಲೇ ಸಂವಿಧಾನ ಮಂಡಳಿ ಕತ್ತರಿ ಹಾಕಿತು. ಸರ್ಕಾರ ಹುಟ್ಟಿಸಿದ ಪದಗಳನ್ನೇ ಬಳಸಿ ಅಂತ ಖಾಸಗಿ ಜನರ ಮೇಲೆ ಹೇರುವಂತಿಲ್ಲ, ಅದು ಮಾತಿನ ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ.

ಲಿಯೋನ್ ಕನ್ನಡಿಗ:
"ಕಾನೂನಿನಿಂದ ಏನಾಗಿದೆ" ಅಂತ ಕೇಳುತ್ತೀರಾ? ಇಲ್ಲಿಯ ಚಿತ್ರಮಂದಿರಕ್ಕೆ ಬನ್ನಿ. ವರ್ಷದ ಟಿಕೆಟ್‌ಗಳಲ್ಲಿ ಸುಮಾರು 40% ಫ್ರೆಂಚ್ ಚಿತ್ರಗಳದ್ದೇ ಇರುತ್ತದೆ. ಯುರೋಪಿನಲ್ಲಿ ಇಷ್ಟು ಪಾಲು ಉಳಿಸಿಕೊಂಡ ದೇಶ ಬಹಳ ಕಡಿಮೆ. 1993ರಲ್ಲಿ ಗ್ಯಾಟ್ ಅನ್ನೋ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಮಾತುಕತೆಯಲ್ಲಿ ಸಿನಿಮಾವನ್ನು ಬೇರೆ ಸರಕಿನ ಹಾಗೆ ಮಾರುಕಟ್ಟೆಗೆ ಬಿಡಲ್ಲ ಅಂತ ಹಟ ಹಿಡಿದು ಕೂತವರು ಇವರು. ಜನ ಆರಿಸಿಕೊಳ್ಳಲಿ ಅಂತ ಬಿಟ್ಟಿದ್ದರೆ ಆರಿಸೋಕೆ ಫ್ರೆಂಚ್ ಚಿತ್ರವೇ ಇರುತ್ತಿರಲಿಲ್ಲ.

ತೀರದ ತೆಂಗು:
ಆ 40%ನಲ್ಲಿ ಬ್ರೆಟನ್ ಚಿತ್ರ ಎಷ್ಟು?

ಲಿಯೋನ್ ಕನ್ನಡಿಗ:
ಎಲ್ಲದಕ್ಕೂ ಬ್ರೆಟನ್ ತರಬೇಡಿ ಮೇಡಂ! ಬ್ರಿಟನಿ 1532ರಿಂದ ಫ್ರಾನ್ಸ್‌ನ ಭಾಗ. 1539ರ ವಿಲೇ ಕೋತ್ರೇ ಶಾಸನ ಬಂದದ್ದು ಲ್ಯಾಟಿನ್ ವಿರುದ್ಧ. ಕೋರ್ಟಿನ ತೀರ್ಪು ಬಡವನಿಗೆ ಅರ್ಥವಾಗಬೇಕು, ಪಾದ್ರಿಗಳ ಲ್ಯಾಟಿನ್‌ನಲ್ಲಿ ಇರಬಾರದು ಅಂತ ರಾಜ ಮೊದಲನೇ ಫ್ರಾನ್ಸ್ವಾ ಮಾಡಿದ್ದು. ಇವತ್ತಿಗೂ ಅದರ ಒಂದೆರಡು ಕಲಮು ಜಾರಿಯಲ್ಲಿವೆ. 2023ರಲ್ಲಿ ಅದೇ ಊರಿನ ಅರಮನೆಯಲ್ಲಿ ಫ್ರೆಂಚ್ ಭಾಷೆಗೆ ಅಂತಲೇ ಒಂದು ದೊಡ್ಡ ಕೇಂದ್ರ ತೆರೆದಿದ್ದಾರೆ. ನಾನು ಹೋಗಿ ನೋಡಿ ಬಂದೆ, ಕಣ್ಣು ತುಂಬಿ ಬಂತು.

ತೀರದ ತೆಂಗು:
ಬಡವನಿಗೆ ಅರ್ಥವಾಗಬೇಕು ಅಂದಿರಿ. ಪ್ರೊವೆನ್ಸ್‌ನ ರೈತನಿಗೆ, ಬಾಸ್ಕ್ ಕುರುಬನಿಗೆ 1539ರಲ್ಲಿ ಫ್ರೆಂಚ್ ಅರ್ಥವಾಗುತ್ತಿತ್ತಾ? ಶಾಸನದ ಮಾತು "ಮಾತೃಭಾಷೆಯಾದ ಫ್ರೆಂಚ್‌ನಲ್ಲಿ, ಬೇರೆ ರೀತಿಯಲ್ಲಲ್ಲ" ಅಂತ. ಯಾರ ಮಾತೃಭಾಷೆ ಅನ್ನೋದು ಅಲ್ಲೇ ನುಂಗಿ ಹೋಗಿದೆ.

ಲಿಯೋನ್ ಕನ್ನಡಿಗ:
ಅದೇ ಸಾಲಿಗೆ ವಿದ್ವಾಂಸರು ಎರಡು ಅರ್ಥ ಹೇಳುತ್ತಾರೆ. ಫ್ರೆಂಚ್ ರಾಜ್ಯದ ಯಾವುದೇ ತಾಯಿಮಾತು ಅಂತಲೂ ಓದಬಹುದು ಅಂತಾರೆ. ನೀವು ನಿಮಗೆ ಬೇಕಾದ ಅರ್ಥ ಮಾತ್ರ ಎತ್ತಿಕೊಂಡಿರಿ.

ರೆನ್‌ನಿಂದ:
ಇನ್ನೊಂದು ಸಂಗತಿ, ತೆಂಗು ಅಕ್ಕ ಬೇಜಾರು ಮಾಡಿಕೊಳ್ಳಬಾರದು. ರೆನ್ ಬ್ರಿಟನಿಯ ರಾಜಧಾನಿ ನಿಜ. ಆದರೆ ಈ ಪೂರ್ವ ಭಾಗದ ಹಳೇ ಮಾತು ಬ್ರೆಟನ್ ಅಲ್ಲ, ಗಾಲೋ. ಅದು ಫ್ರೆಂಚ್‌ನ ಹಾಗೆ ಲ್ಯಾಟಿನ್ ಮೂಲದ್ದು. ಈಗ ಇಲ್ಲಿ ಬೀದಿ ಫಲಕದ ಮೇಲೆ ಫ್ರೆಂಚ್ ಕೆಳಗೆ ಬ್ರೆಟನ್ ಬರೆಯುತ್ತಾರೆ. ಗಾಲೋ ಆಡುವ ಕೆಲವರಿಗೆ ಅದರ ಬಗ್ಗೆಯೂ ಸಿಟ್ಟಿದೆ.

ನೇರ ಮಾತು:
ಕೇಳಿದಿರಾ! ಬ್ರೆಟನ್ ಕೂಡ ಇನ್ನೊಂದು ಭಾಷೆಯ ಮೇಲೆ ಕೂರುತ್ತಿದೆ.

ತೀರದ ತೆಂಗು:
ಬೀದಿ ಫಲಕದಿಂದ ಯಾರಿಗೂ ಬೆತ್ತ ಬೀಳಲಿಲ್ಲ. 20ನೇ ಶತಮಾನದ ಶುರುವಿನಲ್ಲಿ 10 ಲಕ್ಷಕ್ಕೂ ಜಾಸ್ತಿ ಜನ ಬ್ರೆಟನ್ ಮಾತಾಡುತ್ತಿದ್ದರು. 2018ರ ಸಮೀಕ್ಷೆಯಲ್ಲಿ 2 ಲಕ್ಷದ ಆಸುಪಾಸು. ಈಚಿನ ಸಮೀಕ್ಷೆಯಲ್ಲಿ ಸುಮಾರು 1 ಲಕ್ಷ. ಅದರಲ್ಲೂ ಬಹುಪಾಲು ವಯಸ್ಸಾದವರು. ಅಂಥ ಭಾಷೆ ಯಾರ ಮೇಲೆ ಕೂರುತ್ತದೆ ಹೇಳಿ. ಕಾನೂನಿನಿಂದ ಭಾಷೆ ಉಳಿಯುತ್ತದೆ ಅಂದವರು ಈ ಲೆಕ್ಕಕ್ಕೆ ಉತ್ತರ ಕೊಡಲಿ.

ಹಾವೇರಿ ಮೇಷ್ಟ್ರು:
ಅದಕ್ಕೆ ಶಾಲೆ ಒಂದೇ ಕಾರಣ ಅನ್ನೋದು ಸರಿಯಲ್ಲ. ಹಳ್ಳಿ ಬಿಟ್ಟು ಪಟ್ಟಣಕ್ಕೆ ಹೋದರು, ಯುದ್ಧ ಬಂತು, ರೇಡಿಯೋ ಟಿವಿ ಬಂತು. ತಾಯಂದಿರೇ ಮಕ್ಕಳ ಜತೆ ಬಿಟ್ಟುಬಿಟ್ಟರು.

ತೀರದ ತೆಂಗು:
ತಾಯಂದಿರು ಯಾಕೆ ಬಿಟ್ಟರು ಮೇಷ್ಟ್ರೇ? ಕುತ್ತಿಗೆಯಲ್ಲಿ ಮೆಟ್ಟು ಹಾಕಿಕೊಂಡಿದ್ದವಳು ತನ್ನ ಮಗಳಿಗೆ ಆ ಭಾಷೆ ಕಲಿಸುತ್ತಾಳಾ? ಆಕ್ಸಿಟನ್ ಕಡೆ ಇದಕ್ಕೆ ಒಂದು ಪದವೇ ಇದೆ, ವೆರ್ಗೋನ್ಯ. ನಾಚಿಕೆ ಅಂತ. ನಿಮ್ಮ ಮೊಮ್ಮಗಳು ಊಟಕ್ಕೆ ಕೂತಾಗ ಹೇಳಿದ್ದೂ ಅದನ್ನೇ.

ಹಾವೇರಿ ಮೇಷ್ಟ್ರು:
ಮೊಮ್ಮಗಳ ವಿಷಯ ಇಲ್ಲಿಗೆ ಬಿಡಿ.

ಪುಸ್ತಕ ಸಂತೆ:
ಮೂರನೇ ಸಲ ಕೇಳುತ್ತಿದ್ದೇನೆ.

ಲಿಯೋನ್ ಕನ್ನಡಿಗ:
ಕ್ಷಮಿಸಿ ಸಂತೆ ಸರ್. ನಮ್ಮ ಮನೆ ಕೆಳಗೇ ಒಂದು ಪುಸ್ತಕದಂಗಡಿ ಇದೆ, ನಮ್ಮೂರಿನ ದರ್ಜಿ ಅಂಗಡಿಯಷ್ಟು ಜಾಗ. ಅಲ್ಲಿ 20 ಯೂರೋ ಬರೆದಿರುವ ಪುಸ್ತಕ ರೈಲ್ವೆ ಸ್ಟೇಷನ್ನಿನ ಅಂಗಡಿಯಲ್ಲೂ 20, ಫೋನ್‌ನಲ್ಲಿ ಮನೆಗೆ ತರಿಸಿಕೊಂಡರೂ 20. ಹಾಗಾಗಿ ನಾನು ಮೆಟ್ಟಿಲು ಇಳಿದು ಅಲ್ಲೇ ಕೊಳ್ಳುತ್ತೇನೆ. ಆನ್‌ಲೈನ್‌ನವರು ಸುಮ್ಮನೆ ಇರಲಿಲ್ಲ. ಪುಸ್ತಕದ ಬೆಲೆ ಇಳಿಸುವಂತಿಲ್ಲ, ಸಾಗಣೆ ಪುಕ್ಕಟೆ ಮಾಡೋಣ ಅಂದರು. 2014ರಲ್ಲಿ ಪುಕ್ಕಟೆ ಸಾಗಣೆ ನಿಷೇಧಿಸಿದರು. ಅಮೆಜಾನ್‌ನವರು 1 ಸೆಂಟ್ ವಸೂಲಿ ಮಾಡೋಕೆ ಶುರು ಮಾಡಿದರು. ಕೊನೆಗೆ ಇನ್ನೊಂದು ಕಾನೂನು ತಂದರು. 2023ರ ಅಕ್ಟೋಬರ್‌ನಿಂದ 35 ಯೂರೋಗಿಂತ ಕಡಿಮೆ ಖರೀದಿಗೆ ಕನಿಷ್ಠ 3 ಯೂರೋ ಸಾಗಣೆ ಹಾಕಲೇಬೇಕು.

ಪುಸ್ತಕ ಸಂತೆ:
ಅಂದರೆ ಮೊದಲ ಕಾನೂನು ಮಾಡಿ 40 ವರ್ಷ ಆದ ಮೇಲೂ ಕಾಯುತ್ತಲೇ ಇರಬೇಕು. ಸರಿ, ಇದು ನನಗೆ ಬೇಕಿತ್ತು. ಇದಕ್ಕೂ ಬ್ರೆಟನ್‌ಗೂ ಜಗಳ ಇಲ್ಲ ಅಲ್ವಾ? ಬ್ರೆಟನ್ ಪುಸ್ತಕಕ್ಕೂ ಅದೇ ನಿಯಮ.

ನೇರ ಮಾತು:
ಜಗಳ ಇದೆ. ಓದುಗ ಜಾಸ್ತಿ ದುಡ್ಡು ಕೊಡುತ್ತಿದ್ದಾನೆ. ನಿಮ್ಮ ಅಂಗಡಿಗೆ ಬಂದ ಆ ವಿದ್ಯಾರ್ಥಿ ಪೂರ್ತಿ ಬೆಲೆ ಕೊಡಬೇಕಾಗುತ್ತದೆ. ಅವನ ಪರವಾಗಿ ಯಾರು ಮಾತಾಡುತ್ತಾರೆ?

ಪುಸ್ತಕ ಸಂತೆ:
ಅವನು ಆ ಅರ್ಧ ಗಂಟೆ ನಿಂತು ಓದಿದ್ದು ನನ್ನ ಅಂಗಡಿಯಲ್ಲಿ. ಅಂಗಡಿ ಮುಚ್ಚಿದರೆ ಎಲ್ಲಿ ನಿಂತು ಓದುತ್ತಾನೆ?

ರೆನ್‌ನಿಂದ:
ಈಗ ಅಡುಗೆಮನೆಯಲ್ಲಿ ಅಜ್ಜಿಯನ್ನು ಕೇಳಿ ಬಂದೆ. ಉಗುಳಬಾರದು, ಬ್ರೆಟನ್ ಮಾತಾಡಬಾರದು ಅನ್ನೋ ಫಲಕ ನೋಡಿದ್ದೀರಾ ಅಂತ. ಇಲ್ಲ, ನೋಡಿಲ್ಲ ಅಂದರು. ಆ ಮರದ ಮೆಟ್ಟಿಗೆ ನಿಮ್ಮ ಮಾತಿನಲ್ಲಿ ಏನನ್ನುತ್ತಾರೆ ಅಂತಲೂ ಕೇಳಿದೆ. "ಬೋತೆಸ್ ಕೋಆತ್" ಅಂದರು. ಎರಡು ವರ್ಷದಲ್ಲಿ ಅವರ ಬಾಯಿಂದ ಬ್ರೆಟನ್ ಕೇಳಿದ್ದು ಇದೇ ಮೊದಲು.

ನೇರ ಮಾತು:
ಫಲಕ ನೋಡಿಲ್ಲ ಅಂದರಲ್ಲ. ಅಷ್ಟೇ ನಾನು ಹೇಳಿದ್ದು.

ತೀರದ ತೆಂಗು:
ಅವರು ನೋಡಿಲ್ಲ ಅಂದರು, ಇರಲಿಲ್ಲ ಅನ್ನಲಿಲ್ಲ. ರೆನ್‌ನ ತಮ್ಮಾ, ಆಗಲೇ ಹೇಳಿದೆಯಲ್ಲ, ಅಜ್ಜಿ ಹಿಡಿದುಕೊಟ್ಟ ಆ ತಂಗಿ ಇನ್ನೂ ಇದ್ದಾರಾ? ಇದ್ದರೆ ಇಬ್ಬರೂ ಸಿಕ್ಕಾಗ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಅಂತ ಕೇಳಿ ಹೇಳು.

ರೆನ್‌ನಿಂದ:
ಇದ್ದಾರೆ ಅಕ್ಕಾ. ಪ್ರತಿ ಬುಧವಾರ ಫೋನ್ ಮಾಡುತ್ತಾರೆ. ಫ್ರೆಂಚ್‌ನಲ್ಲಿ.